ಐಸ್‌ಗಡ್ಡೆಯ ನಗು

ಕೊನೆಯ ಉಸಿರಿರುವವರೆಗೂ ಅವರು ಪಾಠ ಮಾಡುವುದನ್ನು ಬಿಡಲಿಲ್ಲ ಎಂದು ಶ್ರದ್ಧಾಂಜಲಿ ಸಭೆಯಲ್ಲಿ ಯಾರೋ ಹೇಳಿದಾಗ ಎಲ್ಲರೂ ತಲೆದೂಗಿದರು. ಸಭೆಗಳಲ್ಲಿ ಆಡುವ ಮಾತು ಎಂದುಕೊಂಡವರೇ ಹೆಚ್ಚು. ಅದು ಅಕ್ಷರಶಃ ನಿಜವೆಂದು ಗೊತ್ತಿದ್ದದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಶಿಷ್ಯೆಯೊಬ್ಬರಿಗೇ.

ತೀರಿಹೋದವರು ಆ ಆಸ್ಪತ್ರೆಯ ಮೆಡಿಸಿನ್ ವಿಭಾಗದ ಮುಖ್ಯಸ್ಥರು. ಎದುರಿಗೆ ಎಲ್ಲರಿಗೂ 'ಸರ್', ಬೆನ್ನ ಹಿಂದೆ 'ಐಸ್‌ಗಡ್ಡೆ'. ಗದರಿದವರಲ್ಲ, ದನಿ ಎತ್ತಿದವರಲ್ಲ. ರೋಗಿಯ ಹಾಸಿಗೆಯ ಸುತ್ತ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಒಬ್ಬರನ್ನು ಆರಿಸಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಪ್ಪಾದರೆ ತುಟಿ ಬಿಚ್ಚದೆ, ಮೂಗಿನಿಂದ ಒಂದಿಷ್ಟು ಗಾಳಿ ಬಿಟ್ಟು ನಗುತ್ತಿದ್ದರು. ಅಷ್ಟೇ. ಆಮೇಲೆ ಮುಂದಿನವರ ಕಡೆ ತಿರುಗುತ್ತಿದ್ದರು. ಆ ನಗು ತಿಂದವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಬೈಸಿಕೊಂಡಿದ್ದರೆ ಮರೆತುಬಿಡಬಹುದಿತ್ತು, ನಗುವನ್ನು ಏನು ಮಾಡುವುದು?

ಆದರೆ ಅವರ ಹತ್ತಿರ ಕಲಿತವರು ದೊಡ್ಡ ವೈದ್ಯರಾಗುತ್ತಾರೆ ಎಂಬ ಹೆಸರಿತ್ತು. ಶಿಷ್ಯೆಯೂ ಹಾಗೇ ಕಲಿತವರು. ಆ ನಗುವನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ಹಗಲೂ ರಾತ್ರಿ ಓದಿ, ಅವರ ಕೈಕೆಳಗೇ ಕೆಲಸಕ್ಕೆ ಸೇರಿ, ತಲೆ ನರೆಯುವ ಹೊತ್ತಿಗೆ ಅವರ ಬಲಗೈಯಾದರು. ಆಳು ಕುಳ್ಳು, ನಡಿಗೆ ಚುರುಕು. ವಿದ್ಯಾರ್ಥಿಗಳು ಅವರಿಗೆ 'ಐಸ್‌ಚೂರು' ಎಂದು ಹೆಸರಿಟ್ಟಿದ್ದರು, ಬರಬರುತ್ತಾ ಅದು 'ಚೂರು ಮೇಡಂ' ಆಗಿತ್ತು. ಅವರಿಗೂ ಅದು ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು.

ಸರ್ ಸತ್ತದ್ದು ವಾರ್ಡಿನಲ್ಲೇ. ಬೆಳಗಿನ ರೌಂಡ್ಸ್ ನಡುವೆ ಮಾತು ನಿಲ್ಲಿಸಿ ಹಾಸಿಗೆಯ ಕಂಬಿ ಹಿಡಿದುಕೊಂಡರು. ಕಿಟಕಿ ಪಕ್ಕದಲ್ಲಿ ಖಾಲಿಯಿದ್ದ ಹಾಸಿಗೆಯ ಮೇಲೆ ಕೂತರು, ಹಾಗೇ ಒರಗಿದರು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು, ಉಸಿರು ಏದುತ್ತಿತ್ತು. ಸಿಸ್ಟರುಗಳು ಆಮ್ಲಜನಕ ತರಲು ಓಡಿದರು. ಮೇಡಂ ಅವರ ಮಣಿಕಟ್ಟು ಹಿಡಿದು ಬಗ್ಗಿದಾಗ ಸರ್ ಕಣ್ಣು ತೆರೆದು ಕೇಳಿದರು:

"ಏನಿರಬಹುದು?"

ರೋಗಿಯ ಹತ್ತಿರ ಕೇಳುವ ಪ್ರಶ್ನೆಯೇ. ಅದೇ ದನಿ.

ಮೇಡಂ ಮಣಿಕಟ್ಟು ಬಿಡದೆ ಹೇಳಿದರು: "ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಅನ್ಸುತ್ತೆ, ಸರ್."

ಸರ್ ಅವರನ್ನೇ ನೋಡಿದರು. ಮೂಗಿನಿಂದ ಆ ಗಾಳಿ ಬಂತು. ಆಮೇಲೆ ಅವರು ಯಾರೊಡನೆಯೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯವರು ಮರಣೋತ್ತರ ಪರೀಕ್ಷೆ ಬೇಡ ಎಂದರು. ಹಾಗಾಗಿ ಉತ್ತರ ಸರಿಯಿತ್ತೋ ತಪ್ಪಿತ್ತೋ ಎಂದು ಹೇಳುವವರು ಇನ್ನು ಯಾರೂ ಉಳಿಯಲಿಲ್ಲ.

ಮುಖ್ಯಸ್ಥರ ಕುರ್ಚಿ ಮೇಡಂಗೆ ಬಂತು. ಕೋಣೆಯೂ ಬಂತು, ಅದರ ಮಣಭಾರದ ಮೇಜೂ ಬಂತು. ಸರ್ ಕೂತು ಕೂತು ತಗ್ಗು ಬಿದ್ದಿದ್ದ ಕುರ್ಚಿಯ ದಿಂಬನ್ನು ಬದಲಾಯಿಸಿಕೊಂಡರು. ಹೊಸ ದಿಂಬಿನ ಮೇಲೆ ಕೂತರೂ ಯಾರದೋ ತೊಡೆಯ ಮೇಲೆ ಕೂತ ಹಾಗಾಗುತ್ತಿತ್ತು.

ನಗು ತಮ್ಮ ಮೂಗಿಗೆ ಯಾವಾಗ ಬಂತು ಎಂಬುದು ಅವರಿಗೇ ಗೊತ್ತಾಗಲಿಲ್ಲ. ಮೊದಲು ಗುರುತಿಸಿದವಳು ಮಗಳು. ಶಾಲೆಯ ಪ್ರಬಂಧವೊಂದನ್ನು ಊಟದ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದ ಅವಳು ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದಳು, ತಕ್ಷಣ ಓದು ನಿಲ್ಲಿಸಿದಳು.

"ಅಮ್ಮಾ, ಹಾಗೆ ನಗ್ಬೇಡ."

"ನಾನೆಲ್ಲಿ ನಕ್ಕೆ?"

"ಈಗಷ್ಟೇ ನಕ್ಕೆ. ಮೂಗಿಂದ."

ಮೇಡಂ ಗಂಡನ ಮುಖ ನೋಡಿದರು. ಗಂಡ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು, ಜಗಳಕ್ಕೆ ಆಗಿಬರದ ಮನುಷ್ಯ. ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ನಿಮ್ಮ ಸರ್ ನಗು ಇದ್ದ ಹಾಗೇ ಇತ್ತು. ಒಂದು ಕ್ಷಣ ನನಗೂ ಜೀವ ಹಾರ್‌ಹೋಯ್ತು ನೋಡು."

"ಅಪ್ಪ ಮಗಳು ಸೇರ್ಕೊಂಡು ನನ್ನ ಆಡ್ಕೊಳ್ಳಿ," ಎಂದು ಮೇಡಂ ಎದ್ದು ಕೈ ತೊಳೆಯಲು ಹೋದರು. ಕೈ ತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ನಗುವಿನ ಸುಳಿವೇ ಇರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ಆ ವರ್ಷ ವಿಭಾಗಕ್ಕೆ ಬಂದ ಹೊಸ ರೆಸಿಡೆಂಟುಗಳಲ್ಲಿ, ಎಂದರೆ ಎಂ.ಡಿ. ಓದುತ್ತಲೇ ವಾರ್ಡಿನಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರಲ್ಲಿ, ಒಬ್ಬಳು ಮಾತು ಕಡಿಮೆಯ ಹುಡುಗಿ. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಮೊದಲು ಅವಳ ರೆಪ್ಪೆಗಳು ಪಟಪಟ ಬಡಿಯುತ್ತಿದ್ದವು. ಒಮ್ಮೆ ರೌಂಡ್ಸಿನಲ್ಲಿ ಮೇಡಂ, "ಏನಮ್ಮಾ, ಉತ್ತರ ರೆಪ್ಪೆಯಲ್ಲಿದ್ಯಾ? ಪಿಳಿಪಿಳಿ ಅಂತ ಬಿಟ್ರೆ ಉದುರುತ್ತಾ?" ಎಂದಿದ್ದರು. ಎಲ್ಲರೂ ನಕ್ಕಿದ್ದರು, ರೋಗಿಯೂ ನಕ್ಕಿದ್ದ. ಅವತ್ತಿನಿಂದ ಅವಳ ಹೆಸರು 'ಪಿಳಿಪಿಳಿ'. ಸಿಸ್ಟರುಗಳೂ ಹಾಗೇ ಕರೆಯತೊಡಗಿದರು. ಹುಡುಗಿ ಅದಕ್ಕೂ ಓಗೊಡುತ್ತಿದ್ದಳು.

ಅವಳ ಕೈಯಲ್ಲಿ ಗುಣವಿತ್ತು. ರೋಗಿಯ ಹೊಟ್ಟೆ ಮುಟ್ಟುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಬೇರೆಯವರು ರಿಪೋರ್ಟು ಬರಲಿ ಎಂದು ಕಾಯುವ ಕಡೆ ಇವಳು ಇನ್ನೊಂದು ಸಲ ಮುಟ್ಟಿ ನೋಡುತ್ತಿದ್ದಳು. ಆದರೆ ಕಂಡದ್ದನ್ನು ಹೇಳುವಾಗ ಅವಳ ದನಿ ಕೊನೆಯಲ್ಲಿ ಮೇಲೇರಿ ಪ್ರಶ್ನೆಯಾಗಿಬಿಡುತ್ತಿತ್ತು. ಮೇಡಂಗೆ ಆ ಮೇಲೇರುವ ದನಿ ಕೇಳಿದರೆ ಮೈ ಉರಿಯುತ್ತಿತ್ತು. ಒಂದು ಕಾಲದಲ್ಲಿ ತಾವೂ ಹಾಗೇ ಮಾತಾಡುತ್ತಿದ್ದುದು ಅವರಿಗೆ ನೆನಪಿರಲಿಲ್ಲ.

ಬೀಗ ರಿಪೇರಿಯ ಅಂಗಡಿಯಾತ ಒಂದು ಬೆಳಿಗ್ಗೆ ದಾಖಲಾದ. ಬೀಗದ ಒಳಗೆ ಕಡ್ಡಿ ತೂರಿಸಿ ಕೂತಿದ್ದವನಿಗೆ ಇದ್ದಕ್ಕಿದ್ದ ಹಾಗೆ ಎದೆಯೊಳಗೆ ಬಟ್ಟೆ ಹರಿದಂಥ ನೋವು. ಹೆಂಡತಿ ಅಂಗಡಿಯ ಬಾಗಿಲನ್ನೂ ಎಳೆಯದೆ ಆಟೋ ಹಿಡಿದು ಕರೆತಂದಿದ್ದಳು. ಬಿಪಿ ಮಾತ್ರೆಯನ್ನು ನೆನಪಾದಾಗ ನುಂಗುವ ಆಸಾಮಿ. ವಾರ್ಡು ತುಂಬಿತ್ತು, ಕಿಟಕಿ ಪಕ್ಕದ ಹಾಸಿಗೆಯೊಂದೇ ಖಾಲಿ. ಅಲ್ಲೇ ಮಲಗಿಸಿದರು. ಇಸಿಜಿಯಲ್ಲಿ ಹೃದಯಾಘಾತದಂಥ ಗುರುತುಗಳಿದ್ದವು.

ಪಿಳಿಪಿಳಿ ಅವನನ್ನು ಮೊದಲು ನೋಡಿದಳು. ಅವನು ನೋವಿನಲ್ಲೂ ತಮಾಷೆಯವನು.

"ಯಾರೋ ನನ್ನ ಎದೆಗೆ ಬೀಗ ಜಡಿದು ಕೀಲಿ ಎತ್ಕೊಂಡು ಹೋಗಿದಾರೆ ಡಾಕ್ಟ್ರೇ. ನನಗೇ ತೆಗೆಯೋಕಾಗ್ತಿಲ್ಲ ಅಂದ್ರೆ ನೋಡಿ."

"ಮಾತಾಡ್ಬೇಡಿ, ಸುಮ್ನೆ ಮಲಗಿ. ಬೆನ್ನಿಗೂ ನೋವಿದ್ಯಾ?"

"ರೆಕ್ಕೆ ಮೂಳೆ ನಡುವೆ. ಚೂರಿ ಹಾಕಿ ತಿರುವಿದ ಹಾಗೆ."

ಅವಳು ಅವನ ಬಲಗೈ ನಾಡಿ ಹಿಡಿದಳು, ಗಟ್ಟಿಯಾಗಿತ್ತು. ಎಡಗೈ ಹಿಡಿದಳು. ಬೆರಳಿಗೆ ನಾಡಿ ಸಿಕ್ಕಿತೋ ಇಲ್ಲವೋ ಎನ್ನುವಷ್ಟು ಕ್ಷೀಣ. ಕೈ ತಣ್ಣಗಿತ್ತು. ಮತ್ತೆ ಬಲಗೈ, ಮತ್ತೆ ಎಡಗೈ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿದರೆ ಎರಡು ಕೈಗಳ ನಾಡಿ ಹೀಗೆ ಬೇರೆ ಬೇರೆಯಾಗುತ್ತದೆ ಎಂದು ಓದಿದ್ದು ಅವಳಿಗೆ ನೆನಪಾಯಿತು. ಹಾಗಿದ್ದರೆ ಹೃದಯಾಘಾತಕ್ಕೆ ಕೊಡುವ, ರಕ್ತ ತೆಳುವಾಗಿಸುವ ಔಷಧಿ ಇವನಿಗೆ ವಿಷ. ಆದರೆ ತನ್ನ ಬೆರಳನ್ನು ತಾನೇ ಎಷ್ಟು ನಂಬುವುದು?

ಅಷ್ಟರಲ್ಲಿ ರೌಂಡ್ಸ್ ಬಂತು. ಮುಂದೆ ಮೇಡಂ, ಪಕ್ಕದಲ್ಲಿ ಹಿರಿಯ ರೆಸಿಡೆಂಟ್, ಹಿಂದೆ ಬಿಳಿ ಕೋಟುಗಳ ಗುಂಪು. ರೋಗಿ ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿ ಕಣ್ಣು ಮುಚ್ಚಿದ್ದ. ಹಿರಿಯ ರೆಸಿಡೆಂಟ್ ಇಸಿಜಿ ತೋರಿಸಿದ. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, "ಸರಿ, ಡ್ರಿಪ್ ಶುರು ಮಾಡಿ," ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿದರು. "ಏನಾದ್ರೂ ಹೇಳೋದಿದ್ಯಾ?"

ರೆಪ್ಪೆ ಬಡಿಯಿತು. "ಮೇಡಂ, ಎಡಗೈ ನಾಡಿ ಸ್ವಲ್ಪ... ಸಿಗ್ತಾ ಇಲ್ವೇನೋ ಅಂತ?"

"ಸಿಗ್ತಾ ಇಲ್ವೇನೋ ಅಂತ," ಎಂದು ಮೇಡಂ ಅವಳ ದನಿಯಲ್ಲೇ ಹೇಳಿದರು. "ನಾಡಿ ಸಿಗ್ತಿಲ್ವಾ, ನಿನಗೆ ಸಿಗ್ತಿಲ್ವಾ? ಬೆರಳು ಎಲ್ಲಿಟ್ಟಿದ್ದೆ?"

ಹಿಂದೆ ಯಾರೋ ಕಿಸಕ್ಕೆಂದರು. ಹುಡುಗಿ ಬಾಯಿ ತೆರೆದಳು. ಏನೋ ಹೇಳಹೊರಟವಳು ಮೇಡಂ ಮುಖ ನೋಡಿ ನಿಂತುಬಿಟ್ಟಳು.

"ಸರಿಯಾಗಿ ನೋಡಿಲ್ಲ ಅನ್ಸುತ್ತೆ, ಮೇಡಂ."

"ಹಾಗಾದ್ರೆ ಸರಿಯಾಗಿ ನೋಡೋದು ಕಲಿ."

ಗುಂಪು ಮುಂದಿನ ಹಾಸಿಗೆಗೆ ಹೋಯಿತು. ರಕ್ತ ತೆಳುವಾಗಿಸುವ ಡ್ರಿಪ್ ಶುರುವಾಯಿತು. ಮಧ್ಯಾಹ್ನ, ಹೆಂಡತಿ ಅವನಿಗೆ ಕುಡಿಯಲು ನೀರು ತರಲು ಹೋಗಿದ್ದಾಗ, ಬೀಗದವನು ಒಮ್ಮೆ ಎದ್ದು ಕೂತು, ಯಾರನ್ನೋ ಕರೆಯುವವನಂತೆ ಕೈ ಚಾಚಿ, ಹಿಂದಕ್ಕೆ ಬಿದ್ದ. ಹಿರಿಯ ರೆಸಿಡೆಂಟ್ ಓಡಿಬಂದು ಎಕೋ ಯಂತ್ರದ ಹಿಡಿಯನ್ನು ಎದೆಗೆ ಒತ್ತಿದ. ಪರದೆಯ ಮೇಲೆ ಕಂಡದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ಹೃದಯ ರಕ್ತದ ಮಡುವಿನಲ್ಲಿ ಒದ್ದಾಡುತ್ತಿತ್ತು. ಬುಡದ ರಕ್ತನಾಳ ಉದ್ದಕ್ಕೆ ಸೀಳಿ ಎರಡಾಗಿತ್ತು. ಮಾಡುವುದೇನೂ ಉಳಿದಿರಲಿಲ್ಲ. ಆದರೂ ತುಂಬ ಹೊತ್ತು ಮಾಡಿದರು.

ಸಂಜೆ ಮೇಡಂ ಹುಡುಗಿಯನ್ನು ಕೋಣೆಗೆ ಕರೆಸಿದರು. ಬಾಗಿಲು ಹಾಕಿಸಿ ಎದುರಿನ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಬೆಳಿಗ್ಗೆ ನೀನು ನಾಡಿ ಅಂದೆ. ಎರಡೂ ಕೈಗೆ ವ್ಯತ್ಯಾಸ ಇದೆ ಅಂತ ನಿನಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು, ಮೇಡಂ."

"ಏನಿರಬಹುದು ಅಂತಲೂ?"

"ಅದೂ ಗೊತ್ತಾಗಿತ್ತು."

"ಮತ್ಯಾಕಮ್ಮ ಹೇಳ್ಲಿಲ್ಲ? ಯಾಕೆ ಬಾಯಿ ಮುಚ್ಕೊಂಡೆ?" ಮೇಡಂ ದನಿ ಏರಿತು. ಸಿಟ್ಟೋ ಭಯವೋ ಅವರಿಗೇ ತಿಳಿಯಲಿಲ್ಲ.

"ಹೇಳೋಕೇ ಬಾಯಿ ತೆಗೆದಿದ್ದೆ ಮೇಡಂ. ನೀವು ನಕ್ಕಿರಿ."

"ನಾನು ನಗ್ಲಿಲ್ಲ."

ಈ ಸಲ ಹುಡುಗಿಯ ರೆಪ್ಪೆ ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ನೀವೆಲ್ಲ ಮುಂದೆ ಹೋದ್ಮೇಲೆ ನಾನು ಅವರ ಹತ್ರಾನೇ ಇದ್ದೆ. ಅವರು ಕಣ್ಣು ಮುಚ್ಕೊಂಡೇ ಕೇಳಿದ್ರು, 'ಆಗ ನಕ್ಕೋರು ಯಾರು ಡಾಕ್ಟ್ರೇ?' ಅಂತ. ನಮ್ಮ ಮೇಡಂ ಅಂದೆ. 'ಅಲ್ಲ, ಹೆಂಗಸಲ್ಲ. ಯಾರೋ ವಯಸ್ಸಾದ ಗಂಡಸು, ನನ್ನ ತಲೆ ಹತ್ರಾನೇ ನಿಂತಿದ್ರು' ಅಂದ್ರು."

ಈ ಹುಡುಗಿ ಸರ್ ಅವರನ್ನು ನೋಡಿದವಳೇ ಅಲ್ಲ. ಅವಳು ಸೇರುವ ಹೊತ್ತಿಗೆ ಅವರು ಗೋಡೆಯ ಮೇಲೆ ಫೋಟೊ ಆಗಿದ್ದರು. ಅವರು ಸತ್ತದ್ದು ಯಾವ ಹಾಸಿಗೆಯಲ್ಲಿ ಎಂದು ಬೀಗದವನಿಗೆ ಹೇಳಿದವರೂ ಯಾರಿಲ್ಲ. ಮಂಪರಿನಲ್ಲಿದ್ದ ರೋಗಿಯ ಮಾತು ಎಂದು ಹೇಳಿ ಕಳಿಸಬಹುದಿತ್ತು. ಮೇಡಂ ಹಾಗೆ ಹೇಳಲಿಲ್ಲ.

"ನಾನು ನಕ್ಕಿರಬೇಕು," ಎಂದರು ಕೊನೆಗೆ. "ನನಗೆ ಕೇಳಿಸ್ಲಿಲ್ಲ."

ಮಾರನೆಯ ದಿನ ಬೀಗದವನ ಹೆಂಡತಿ ಕಾಗದಪತ್ರಗಳಿಗೆ ಬಂದಾಗ ಮೇಡಂ ಅವಳನ್ನು ಕಚೇರಿಯ ಪಕ್ಕದ ಸಣ್ಣ ಕೋಣೆಗೆ ಕರೆದೊಯ್ದರು. ಆಸ್ಪತ್ರೆಯ ಮೇಲಧಿಕಾರಿಗಳು ಬೇಡವೆಂದಿದ್ದರು. 'ಹೃದಯ ಒಡೆಯಿತು' ಎಂದು ಹೇಳಿಯಾಗಿದೆ, ಅದು ಸುಳ್ಳೂ ಅಲ್ಲ, ಮೈಮೇಲೆ ಎಳೆದುಕೊಳ್ಳಬೇಡಿ ಎಂದಿದ್ದರು. ಮೇಡಂ ಎಲ್ಲವನ್ನೂ ಹೇಳಿದರು. ನಾಡಿಯ ವಿಷಯ, ಡ್ರಿಪ್ಪಿನ ವಿಷಯ, ಹುಡುಗಿಯ ವಿಷಯ. ಬಿಡಿಸಿ ಬಿಡಿಸಿ, ಅರ್ಥವಾಗುವ ಮಾತಿನಲ್ಲಿ ಹೇಳಿದರು.

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡಳು.

"ಅಂದ್ರೆ ಆ ಹುಡುಗಿಗೆ ಗೊತ್ತಿತ್ತು."

"ಗೊತ್ತಿತ್ತು."

"ನೀವು ಹೇಳೋಕೆ ಬಿಡ್ಲಿಲ್ಲ."

"ಬಿಡ್ಲಿಲ್ಲ."

"ಬಿಟ್ಟಿದ್ರೆ ಬದುಕ್ತಿದ್ರಾ?"

"ಗೊತ್ತಿಲ್ಲಮ್ಮ. ದೊಡ್ಡ ಆಪರೇಷನ್ ಆಗ್ಬೇಕಿತ್ತು, ಅದಕ್ಕೆ ಬೇರೆ ಊರಿಗೆ ಕಳಿಸ್ಬೇಕಿತ್ತು. ದಾರಿಯಲ್ಲೇ ಹೋಗಿರಬಹುದಿತ್ತು. ಬದುಕಿರಲೂಬಹುದಿತ್ತು. ನಿಜವಾಗ್ಲೂ ಗೊತ್ತಿಲ್ಲ."

"ಗೊತ್ತಿಲ್ಲ," ಎಂದು ಹೆಂಡತಿ ಆ ಮಾತನ್ನು ತಿರುಗಿಸಿ ನೋಡುವವಳಂತೆ ಹೇಳಿದಳು. "ಈ ಮಾತು ನಿನ್ನೆ ಬೆಳಿಗ್ಗೆ ಬರ್ಲಿಲ್ವಲ್ಲ ನಿಮ್ಮ ಬಾಯಲ್ಲಿ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಹೋದಳು. ವಾರ ಕಳೆಯುವುದರೊಳಗೆ ದೂರು ಕೊಟ್ಟಳು. ಒಳ್ಳೆಯದೇ ಮಾಡಿದಳು ಎಂದು ಮೇಡಂಗೆ ಅನಿಸಿತು.

ವಿಚಾರಣೆ ನಡೆಯಿತು. ಇಸಿಜಿ ಯಾರನ್ನಾದರೂ ದಾರಿ ತಪ್ಪಿಸುವಂತಿತ್ತು ಎಂದು ಸಮಿತಿಯವರು ಮೇಡಂ ಪರವಾಗಿಯೇ ಮಾತಾಡಲು ಹೊರಟರು. ಅವರಲ್ಲಿ ಇಬ್ಬರು ಸರ್ ಶಿಷ್ಯರು. ಮೇಡಂ ತಡೆದರು. "ಇಸಿಜಿ ದಾರಿ ತಪ್ಪಿಸ್ತು, ನಿಜ. ಆದ್ರೆ ಸರಿದಾರಿ ತೋರಿಸೋಕೆ ಒಬ್ಬಳು ಪಕ್ಕದಲ್ಲೇ ನಿಂತಿದ್ಲು. ಅವಳ ಬಾಯಿ ಮುಚ್ಚಿಸಿದ್ದು ಇಸಿಜಿ ಅಲ್ಲ." ಕೊನೆಗೆ ಸಮಿತಿಯವರು ಮುಖ್ಯಸ್ಥರ ಕುರ್ಚಿಯಿಂದ ಮೇಡಂ ಅವರನ್ನು ಇಳಿಸಿದರು. ವಾರ್ಡೂ ಪಾಠವೂ ಅವರ ಕೈಯಲ್ಲೇ ಉಳಿದವು. ಪಿಳಿಪಿಳಿ ಬೇರೆ ಯೂನಿಟ್ಟಿಗೆ ಹೋಗುತ್ತೇನೆಂದು ಅರ್ಜಿ ಹಾಕಿದಳು.

"ಇಲ್ಲೇ ಇರು ಅಂತ ಹೇಳೋ ಮುಖ ನನಗಿಲ್ಲ," ಎಂದರು ಮೇಡಂ. "ಆದ್ರೂ ಕೇಳ್ತೀನಿ. ಇರ್ತೀಯಾ?"

"ಆಗಲ್ಲ ಮೇಡಂ. ನಿಮ್ಮ ಮುಂದೆ ನಿಂತ್ರೆ ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ."

ಮೇಡಂ ಸಹಿ ಹಾಕಿದರು.

ಆಮೇಲೆ ಅವರು ಪಾಠ ಮಾಡುವ ರೀತಿ ಬದಲಾಯಿತು. ಸುಲಭವಾಗಿ ಬದಲಾಗಲಿಲ್ಲ. ಎಡಗೈಯವನು ಬಲಗೈಯಲ್ಲಿ ಬರೆಯಲು ಕಲಿತ ಹಾಗೆ, ದಿನವೂ ತಡವರಿಸುತ್ತಾ ಬದಲಾಯಿತು. ರೋಗಿಯ ಬಳಿ ಹೋದರೆ ಮೊದಲು ಒಂದು ಸ್ಟೂಲ್ ಎಳೆದು ಕೂರತೊಡಗಿದರು, ವಿದ್ಯಾರ್ಥಿಗಳ ಮುಖ ತಮ್ಮ ಮುಖಕ್ಕಿಂತ ಮೇಲಿರಲಿ ಎಂದು. ತಾವು ಮುಟ್ಟುವ ಮುಂಚೆ ಅವರ ಕೈಯಲ್ಲಿ ಮುಟ್ಟಿಸಿ, ಬೆರಳು ಎಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಸುಮ್ಮನೆ ನೋಡುತ್ತಿದ್ದರು. 'ಏನಿರಬಹುದು' ಎಂದು ಕೇಳುವುದನ್ನು ಬಿಟ್ಟರು. ಆ ಮಾತು ಬಾಯಿಗೆ ಬಂದರೆ ಕಿಟಕಿ ಪಕ್ಕದ ಹಾಸಿಗೆ ಕಣ್ಣ ಮುಂದೆ ಬರುತ್ತಿತ್ತು. ಬದಲಿಗೆ 'ನಿನಗೆ ಏನು ಕಾಣಿಸ್ತು, ಯಾಕೆ ಹಾಗನ್ನಿಸ್ತು' ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯುತ್ತಿದ್ದರು. ತಪ್ಪು ಹೇಳಿದವರಿಗೆ ತಪ್ಪು ಎಂದೇ ಹೇಳುತ್ತಿದ್ದರು. ಆದರೆ ಆ ತಪ್ಪಿನವರೆಗೆ ಅವರು ನಡೆದುಬಂದ ದಾರಿಯಲ್ಲಿ ಎಲ್ಲಿಯತನಕ ಸರಿಯಿದ್ದರು ಎಂಬುದನ್ನೂ ತೋರಿಸುತ್ತಿದ್ದರು. ಗದರಬೇಕಾದದ್ದಿದ್ದರೆ ಹಾಸಿಗೆಯ ಮುಂದೆ ಅಲ್ಲ, ಕೋಣೆಯಲ್ಲಿ.

ಕಷ್ಟವಾಗಿದ್ದು ಆ ಕಾಯುವ ಹೊತ್ತು. ವಿದ್ಯಾರ್ಥಿ ತಡವರಿಸುವಾಗ ತಮ್ಮ ಬೆನ್ನ ಹಿಂದೆ ಇನ್ನೊಬ್ಬರೂ ಕಾಯುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತಿತ್ತು. ಕತ್ತಿನ ಹಿಂಭಾಗಕ್ಕೆ ಗಾಳಿ ಸೋಕುತ್ತಿತ್ತು. ಆಗ ಮೇಡಂ ಬಾಯಿ ತೆರೆದು ಉಸಿರಾಡುತ್ತಿದ್ದರು, ಮೂಗಿಗೆ ಏನೂ ಸಿಗದಿರಲಿ ಎಂದು. ಮೇಡಂಗೆ ಅಸ್ತಮಾ ಇದೆ ಎಂದು ವಿದ್ಯಾರ್ಥಿಗಳು ಮಾತಾಡಿಕೊಂಡರು. ಒಂದು ಸಲ ತಡೆಯಲಾಗದೆ ನಕ್ಕೇಬಿಟ್ಟರು. ನಗು ತಿಂದ ಹುಡುಗ ಕೆಂಪಾದ. ಮೇಡಂ ಅಲ್ಲೇ, ರೋಗಿಯ ಎದುರಿಗೇ, "ಅದು ನಿನಗಲ್ಲಪ್ಪ, ಕ್ಷಮಿಸು. ಹಳೇ ಕಾಯಿಲೆ ನನ್ನದು. ನೀನು ಮುಂದೆ ಹೇಳು," ಎಂದರು. ಹುಡುಗ ಮುಂದೆ ಹೇಳಿದ.

ಮಳೆಗಾಲ ಕಳೆದು ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಪಿಳಿಪಿಳಿ ಅವರ ಬಾಗಿಲಲ್ಲಿ ಬಂದು ನಿಂತಳು. ಈಗ ಎರಡನೇ ವರ್ಷದವಳು. ಕಣ್ಣ ಕೆಳಗೆ ಕಪ್ಪಾಗಿತ್ತು, ಸೊರಗಿದ್ದಳು.

"ಮೇಡಂ, ನಮ್ಮ ವಾರ್ಡಲ್ಲಿ ಈಜು ಕಲಿಸೋ ಹುಡುಗ ಒಬ್ಬ ಜ್ವರ ಅಂತ ಸೇರಿದಾನೆ. ಅವನ ಎದೆಯಲ್ಲಿ ನನಗೆ ಒಂದು ಸದ್ದು ಕೇಳಿಸ್ತು. ನಮ್ಮ ಯೂನಿಟ್ಟಿನ ಸರ್ ಏನೂ ಇಲ್ಲ ಅಂದ್ರು. ಎಕೋ ಮಾಡಿಸಿದ್ರೂ ಏನೂ ಇಲ್ಲ."

"ಒಳ್ಳೇದಾಯ್ತಲ್ಲ."

"ಆದ್ರೆ ನನಗೆ ಈಗ್ಲೂ ಕೇಳಿಸ್ತಿದೆ." ಅವಳ ದನಿ ಇಳಿಯಿತು. "ಅವನೊಬ್ಬನದೇ ಅಲ್ಲ. ಬೀಗದವರು ಹೋದಾಗಿನಿಂದ ಯಾರ ಎದೆಗೆ ಸ್ಟೆತಸ್ಕೋಪ್ ಇಟ್ರೂ ಕೇಳಿಸುತ್ತೆ. ಬಡಿತಕ್ಕೂ ಬಡಿತಕ್ಕೂ ನಡುವೆ ಸಣ್ಣಗೆ ಗಾಳಿ ಬೀಸಿದ ಹಾಗೆ. ಎಲ್ಲರನ್ನೂ ಎಕೋಗೆ ಕಳಿಸ್ತಿದೀನಿ. ಅಲ್ಲಿನವರು ಬೈತಾರೆ. ಬೇರೆ ಯಾರ ಹತ್ರ ಹೇಳಿದ್ರೂ ತಲೆ ಕೆಟ್ಟಿದೆ ಅಂತಾರೆ."

ತಮ್ಮ ಬಳಿಗೇ ಯಾಕೆ ಬಂದಳು ಎಂದು ಮೇಡಂ ಕೇಳಲಿಲ್ಲ. "ನಿನಗೆ ತಲೆ ಕೆಟ್ಟಿಲ್ಲ," ಎಂದರು. "ಒಂದು ಸಲ ಗೊತ್ತಿದ್ದೂ ಸುಮ್ನಿರಬೇಕಾಯ್ತು. ಅದಕ್ಕೇ ಕಿವಿ ಈಗ ಎಲ್ಲೆಲ್ಲೂ ಹುಡುಕ್ತಿದೆ. ಏನೂ ಇಲ್ಲದ ಎದೆ ಹೇಗಿರುತ್ತೆ ಅನ್ನೋದನ್ನು ಅದಕ್ಕೆ ಮತ್ತೆ ಕಲಿಸ್ಬೇಕು. ಬಾ."

ಅವತ್ತಿನಿಂದ ಕೆಲಸ ಮುಗಿದ ಮೇಲೆ ಇಬ್ಬರೂ ಆರೋಗ್ಯವಂತರ ಎದೆ ಹುಡುಕಿಕೊಂಡು ಹೊರಟರು. ಲಿಫ್ಟಿನವನು, ಅಡುಗೆಮನೆಯ ಹೆಂಗಸರು, ಹಿರಿಯ ರೆಸಿಡೆಂಟ್, ರೋಗಿಗಳನ್ನು ನೋಡಲು ಬಂದ ನೆಂಟರು, ಯಾರು ಒಪ್ಪಿದರೆ ಅವರು. ಹಿರಿಯ ಸಿಸ್ಟರ್ ಸೆರಗು ಸರಿಪಡಿಸಿಕೊಳ್ಳುತ್ತಾ, "ಮೂವತ್ತು ವರ್ಷದಿಂದ ಇಲ್ಲಿದೀನಿ, ನನ್ನ ಎದೆ ಯಾರೂ ಕೇಳಿರ್ಲಿಲ್ಲ. ಒಳಗೆ ಇದ್ಯೋ ಇಲ್ವೋ ನೋಡಿ ಹೇಳ್ರಮ್ಮ," ಎಂದು ನಗಿಸಿದರು. ಹುಡುಗಿ ಕಣ್ಣು ಮುಚ್ಚಿ ಕೇಳುವಳು, ಕೇಳಿಸಿದ್ದನ್ನು ಹೇಳುವಳು. ಆಮೇಲೆ ಅದೇ ಜಾಗದಲ್ಲಿ ಮೇಡಂ ಕೇಳುವರು. ಮೊದಮೊದಲು ಎಲ್ಲರಲ್ಲೂ 'ಇದೆ' ಎನ್ನುತ್ತಿದ್ದಳು. ಮೇಡಂ 'ಇಲ್ಲ' ಎನ್ನುತ್ತಿರಲಿಲ್ಲ, "ನನಗೆ ಕೇಳಿಸ್ತಿಲ್ಲ. ಎಲ್ಲಿಂದ ಶುರುವಾಗುತ್ತೆ, ಎಲ್ಲಿ ನಿಲ್ಲುತ್ತೆ, ಬೆರಳಲ್ಲಿ ತಾಳ ಹಾಕಿ ತೋರಿಸು," ಎನ್ನುತ್ತಿದ್ದರು. ತಾಳ ಹಾಕಹೋದರೆ ಎಷ್ಟೋ ಸಲ ಆ ಸದ್ದು ಬೆರಳಿಗೆ ಸಿಗದೆ ಕರಗುತ್ತಿತ್ತು. ನಿಧಾನವಾಗಿ ಅವಳು ಒಂದೊಂದೇ ಎದೆಯ ಮೇಲಿಂದ ಸ್ಟೆತಸ್ಕೋಪ್ ಎತ್ತಿ, "ಏನೂ ಇಲ್ಲ," ಎನ್ನತೊಡಗಿದಳು. ಹಾಗೆನ್ನುವಾಗ ಅವಳ ದನಿ ಮೇಲೇರುತ್ತಿರಲಿಲ್ಲ.

ಒಂದು ಸಂಜೆ ಬೇರೆ ಯಾರೂ ಸಿಗಲಿಲ್ಲ. ಮೇಡಂ ಸ್ಟೂಲಿನ ಮೇಲೆ ಕೂತು, "ನನ್ನದು ಕೇಳು," ಎಂದರು.

ಹುಡುಗಿ ಅಂಗೈ ಉಜ್ಜಿಕೊಂಡು ಕೇಳಿದಳು. ತುಂಬ ಹೊತ್ತು ಕೇಳಿದಳು. ಸ್ಟೆತಸ್ಕೋಪನ್ನು ಎಡಕ್ಕೆ ಸರಿಸಿ ಮತ್ತೆ ಕೇಳಿದಳು. ಎತ್ತಿದಾಗ ಅವಳ ಮುಖ ಬಿಳಿಚಿತ್ತು.

"ಇಲ್ಲಿ ಇದೆ, ಮೇಡಂ."

"ತಾಳ ಹಾಕು."

ಹಾಕಿದಳು. ತಾಳ ಒಮ್ಮೆಯೂ ತಪ್ಪಲಿಲ್ಲ. ಮೇಡಂ ಸ್ಟೆತಸ್ಕೋಪನ್ನು ತಮ್ಮ ಕಿವಿಗೆ ಹಾಕಿಕೊಂಡು ತಮ್ಮ ಎದೆಯನ್ನೇ ಕೇಳಿದರು. ಬಡಿತ ಕೇಳಿಸಿತು. ಬಡಿತದ ಹಿಂದೆ ಏನೋ ಇದ್ದ ಹಾಗಿತ್ತು. ಇಲ್ಲದ ಹಾಗೂ ಇತ್ತು. ತಮ್ಮದನ್ನು ತಾವು ಎಷ್ಟು ನಂಬುವುದು?

"ನನಗೆ ಗೊತ್ತಾಗ್ತಿಲ್ಲ," ಎಂದರು. "ನೀನು ಹೇಳಿದ್ರೆ ನೋಡಿಸ್ಬೇಕು. ನಡಿ."

ಎಕೋ ಕೋಣೆಯವನು ಮನೆಗೆ ಹೊರಡುತ್ತಿದ್ದ. ಹುಡುಗಿಯನ್ನು ಕಂಡು, "ಮತ್ತೆ ಬಂದ್ರಾ ತಾಯಿ? ಇವತ್ಯಾರು?" ಎಂದವನು ಹಿಂದೆ ಬರುತ್ತಿದ್ದ ಮೇಡಂ ಅವರನ್ನು ನೋಡಿ ಚೀಲ ಕೆಳಗಿಟ್ಟ. ದೀಪ ಆರಿಸಿದ. ಪರದೆಯ ಮೇಲೆ ಮೇಡಂ ಹೃದಯ ಬೂದುಬಣ್ಣದಲ್ಲಿ ಮೂಡಿತು. ಮುಚ್ಚಿ ತೆರೆಯುವ ಕವಾಟಗಳು ಕಂಡವು. ಅವನು ಬಣ್ಣದ ಗುಂಡಿ ಒತ್ತಿದ. ಪ್ರತಿ ಬಡಿತಕ್ಕೂ ಕವಾಟದ ಸಂದಿನಿಂದ ಒಂದು ತೆಳ್ಳನೆಯ ನೀಲಿ ಎಳೆ ಹಿಂದಕ್ಕೆ ಚಿಮ್ಮುತ್ತಿತ್ತು.

"ಸ್ವಲ್ಪ ಸೋರ್ತಿದೆ ಮೇಡಂ," ಎಂದ ಅವನು. "ಗಾಬರಿಯಾಗೋ ಅಂಥದ್ದೇನಲ್ಲ, ವಯಸ್ಸಾದ್ಮೇಲೆ ಸುಮಾರು ಜನಕ್ಕೆ ಇರುತ್ತೆ. ವರ್ಷಕ್ಕೊಂದ್ಸಲ ನೋಡಿಸ್ತಾ ಇರಿ. ಯಾರು ಕಂಡುಹಿಡಿದದ್ದು ಇದನ್ನ? ಒಳ್ಳೇ ಕಿವಿ ಇರ್ಬೇಕು."

ಕತ್ತಲಲ್ಲಿ ಹುಡುಗಿಯ ಉಸಿರು ಬಿಕ್ಕಿದ್ದು ಕೇಳಿಸಿತು. ಮೇಡಂ ಮಲಗಿದಲ್ಲಿಂದಲೇ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡರು.

"ಇವಳು," ಎಂದರು. "ಈ ಡಾಕ್ಟರು."

ಅವಳು ಮೇಡಂ ಯೂನಿಟ್ಟಿಗೆ ಮರಳಲಿಲ್ಲ. ಮೇಡಂ ಕರೆಯಲೂ ಇಲ್ಲ. ಓದು ಮುಗಿಸಿ, ಕಡಲತೀರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ತಾನೂ ನಾಲ್ಕಾರು ಜನರಿಗೆ ಕಲಿಸತೊಡಗಿದಳು. ವರ್ಷಕ್ಕೊಮ್ಮೆ ಫೋನ್ ಮಾಡಿ, "ಎಕೋ ಮಾಡಿಸಿದ್ರಾ ಮೇಡಂ? ಹೆಚ್ಚಾಗಿದ್ಯಾ?" ಎಂದು ಕೇಳುತ್ತಾಳೆ. ಹಾಗೇ ಇದೆ ಎನ್ನುತ್ತಾರೆ ಮೇಡಂ. ಆಮೇಲೆ ಅವಳು ತನ್ನ ವಿದ್ಯಾರ್ಥಿಗಳ ಬಗ್ಗೆ ಹೇಳುತ್ತಾಳೆ, ಅವಳು ಮುಗಿಸುವವರೆಗೆ ಮೇಡಂ ಕೇಳಿಸಿಕೊಳ್ಳುತ್ತಾರೆ.